ಅಪ್ಪನಿಗೆ ಪೇಸ್‌ಮೇಕರ್ ಹಾಕಬೇಕಂತೆ: ಲಾಭ ಎಷ್ಟು, ಹೆದರಬೇಕಾದದ್ದು ಯಾವುದಕ್ಕೆ?

ನದಿತೀರ

ಎಲ್ಲರಿಗೂ ನಮಸ್ಕಾರ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಪ್ಪನಿಗೆ 72 ವರ್ಷ. ಕೂತಲ್ಲೇ ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಿದ್ದರು. ಮೊನ್ನೆ ಎದ್ದು ನಿಂತವರು ಹಾಗೇ ಕುಸಿದುಬಿದ್ದರು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲ ಅನ್ನುವ ಹಾಗೆ ಎದ್ದು ಕೂತರು. ಇಸಿಜಿಯಲ್ಲಿ ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂತ ಬಂದಿದೆ. ನಾಡಿ 34 ಇತ್ತು. ಈಗ ಐಸಿಯುನಲ್ಲಿ ತಾತ್ಕಾಲಿಕ ತಂತಿ ಹಾಕಿ ಇಟ್ಟಿದ್ದಾರೆ. ಕಾಯಂ ಪೇಸ್‌ಮೇಕರ್ ಹಾಕಲೇಬೇಕು ಅನ್ನುತ್ತಿದ್ದಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಪ್ಪ "ಬ್ಲಾಕ್ ಅಂದಮೇಲೆ ಸ್ಟೆಂಟ್ ಹಾಕಿಸಿದರೆ ಆಯ್ತಲ್ಲ" ಅನ್ನುತ್ತಾರೆ. ಒಂದು ಸಲ ಹಾಕಿದರೆ ಹೃದಯ ಅದಕ್ಕೇ ಒಗ್ಗಿಹೋಗುತ್ತದೆ ಅನ್ನುವುದು ಅಕ್ಕನ ಭಯ. ಪೇಸ್‌ಮೇಕರಿನಿಂದಲೇ ಕೆಲವರಿಗೆ ಹೃದಯ ದುರ್ಬಲ ಆಗುತ್ತದೆ ಅಂತ ನಾನು ಎಲ್ಲೋ ಓದಿದೆ. ಇದು ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಇಸಿಜಿ_ಕೋಣೆ

ನಾನು ಪೇಸ್‌ಮೇಕರ್ ತಪಾಸಣೆ ಮಾಡುವ ಟೆಕ್ನಿಷಿಯನ್. ಮೊದಲು ಚಿಕ್ಕಪ್ಪನವರ ಮಾತಿಗೆ ಉತ್ತರ. ಸ್ಟೆಂಟ್ ಹಾಕುವುದು ರಕ್ತನಾಳ ಕಟ್ಟಿಕೊಂಡಾಗ. ನಿಮ್ಮ ತಂದೆಯವರಿಗೆ ಆಗಿರುವುದು ಹೃದಯದ ಕರೆಂಟಿನ ದಾರಿಯಲ್ಲಿ ತಡೆ. ಹೃದಯದ ಮೇಲಿನ ಬಲಕೋಣೆಯಲ್ಲಿ ಒಂದು ಪುಟ್ಟ ಜಾಗ ಇದೆ, ಪ್ರತಿ ಬಡಿತದ ಸೂಚನೆ ಅಲ್ಲಿಂದ ಹೊರಡುತ್ತದೆ. ಅದು ನಡುವಿನ ಎವಿ ನೋಡ್ ದಾಟಿ ಕೆಳಗಿನ ಕೋಣೆಗಳಿಗೆ ಹೋಗಬೇಕು. ಕಂಪ್ಲೀಟ್ ಬ್ಲಾಕಿನಲ್ಲಿ ಒಂದು ಸೂಚನೆಯೂ ದಾಟುವುದಿಲ್ಲ. ಆಗ ಕೆಳಗಿನ ಕೋಣೆ ತನ್ನಷ್ಟಕ್ಕೆ ನಿಮಿಷಕ್ಕೆ 30-40 ಸಲ ಬಡಿಯುತ್ತದೆ. ಅದೇ 34. ಆ ಬಡಿತವನ್ನು ನಂಬಿ ಕೂರುವ ಹಾಗಿಲ್ಲ. ಯಾವಾಗ ನಿಲ್ಲುತ್ತದೆ ಅಂತ ಹೇಳಲು ಆಗುವುದಿಲ್ಲ. ಕೆಲವು ಸೆಕೆಂಡು ನಿಂತರೆ ಮನುಷ್ಯ ಕುಸಿಯುತ್ತಾನೆ, ಜಾಸ್ತಿ ಹೊತ್ತು ನಿಂತರೆ ಎದ್ದೇಳುವುದಿಲ್ಲ.

ಪೇಸ್‌ಮೇಕರ್ ಇಲ್ಲದ ಕಾಲದಲ್ಲಿ ಈ ಥರ ಪ್ರಜ್ಞೆ ತಪ್ಪಿ ಬೀಳುತ್ತಿದ್ದವರಲ್ಲಿ ಸುಮಾರು ಅರ್ಧ ಜನ ವರ್ಷದೊಳಗೆ ಹೋಗಿಬಿಡುತ್ತಿದ್ದರು. ದಯವಿಟ್ಟು ಮನೆಯ ಚರ್ಚೆಯಲ್ಲಿ ದಿನ ಕಳೆಯಬೇಡಿ.

ಹಳೇ_ಪೇಶೆಂಟ್

ನದಿತೀರ ಅವರೇ, ಧೈರ್ಯ ತಂದುಕೊಳ್ಳಿ. ನನಗೆ ಹಾಕಿ ಬಹಳ ವರ್ಷ ಆಯ್ತು, ಒಂದು ಸಲ ಬ್ಯಾಟರಿ ಬದಲಾಯಿಸಿದ್ದೂ ಆಗಿದೆ.

ಪೂರ್ತಿ ಮತ್ತು ಬರಿಸುವ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕಾಲರ್ ಮೂಳೆಯ ಕೆಳಗೆ ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರಕ್ತನಾಳದೊಳಗಿಂದ ಲೀಡ್, ಅಂದರೆ ಕರೆಂಟ್ ಒಯ್ಯುವ ತಂತಿ, ಇಳಿಸುತ್ತಾರೆ. ಚರ್ಮದಡಿ ಒಂದು ಜೇಬು ಮಾಡಿ ಸಾಧನ ಕೂರಿಸಿ ಹೊಲಿಯುತ್ತಾರೆ. ನನಗೆ ನೋವಿಗಿಂತ ಆ ಒತ್ತುವುದು, ಎಳೆಯುವುದು ಗೊತ್ತಾಗಿದ್ದೇ ಜಾಸ್ತಿ. ಮೊದಲೇ ತಂದೆಯವರಿಗೆ ಹೇಳಿಡಿ, ಗಾಬರಿ ಕಮ್ಮಿ ಆಗುತ್ತದೆ.

ಆಮೇಲೆ ಬಂದದ್ದು ಏನು ಅಂದರೆ ಮೆಟ್ಟಿಲು ಹತ್ತುವ ಶಕ್ತಿ. ತಲೆ ತಿರುಗಿ ಬೀಳುತ್ತೇನೆ ಅನ್ನುವ ಭಯ ಹೋಯ್ತು. ಮಾತಾಡುತ್ತಾ ಮಾತಾಡುತ್ತಾ ಮಂಕಾಗುತ್ತಿದ್ದೆ, ಅದೂ ಹೋಯ್ತು. ನನ್ನ ಮಟ್ಟಿಗೆ ಇದು ಇನ್ನೊಂದು ಜನ್ಮವೇ.

ಆದರೆ ಹೃದಯದ ಎಲ್ಲ ಕಾಯಿಲೆಗೂ ಇದು ಮದ್ದಲ್ಲ. ಹಾರ್ಟ್ ಅಟ್ಯಾಕ್ ತಡೆಯುವುದಿಲ್ಲ, ಬಿಪಿ ಸಕ್ಕರೆ ಇಳಿಸುವುದಿಲ್ಲ. ಮಾತ್ರೆಗಳನ್ನು ನಿಲ್ಲಿಸಬೇಡಿ.

ಅನುಮಾನಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅತ್ತೆಗೆ ನಾಡಿ 44 ಇದೆ ಅಂತ ಒಂದು ಕಡೆ ಪೇಸ್‌ಮೇಕರ್ ಹಾಕಿಸಿಕೊಳ್ಳಿ ಅಂದರು. ದುಡ್ಡು ಕಟ್ಟುವ ಹಂತಕ್ಕೆ ಬಂದಿತ್ತು. ಇನ್ನೊಬ್ಬ ಡಾಕ್ಟರಿಗೆ ತೋರಿಸಿದಾಗ ಮೊದಲು ಕೇಳಿದ್ದು "ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ?" ಅಂತ. ಬಿಪಿಗೆ ಮೆಟೊಪ್ರೊಲಾಲ್, ಗ್ಲಾಕೋಮಾಕ್ಕೆ ಕಣ್ಣಿಗೆ ಟಿಮೊಲಾಲ್ ಡ್ರಾಪ್ಸ್. ಎರಡೂ ನಾಡಿ ಇಳಿಸುವಂಥವೇ ಅಂತೆ. ಅವನ್ನು ಬದಲಾಯಿಸಿದ ಮೇಲೆ ನಾಡಿ 60 ದಾಟಿತು. ಅತ್ತೆ ಇವತ್ತಿಗೂ ಪೇಸ್‌ಮೇಕರ್ ಇಲ್ಲದೆ ಆರಾಮಾಗಿದ್ದಾರೆ.

ಆದ್ದರಿಂದ ಎರಡನೇ ಅಭಿಪ್ರಾಯ ತಗೊಳ್ಳಿ ಅಂತಲೇ ನಾನು ಹೇಳುವುದು.

ಲಯ

ನಾನು ಹೃದ್ರೋಗ ವೈದ್ಯೆ. ಇಲ್ಲಿ ಬರೆಯುವುದು ಸಾಮಾನ್ಯ ಮಾಹಿತಿ. ನಿಮ್ಮ ತಂದೆಯವರ ಇಸಿಜಿ ಕೈಯಲ್ಲಿ ಹಿಡಿದಿರುವ ಡಾಕ್ಟರ ಮಾತೇ ಮುಖ್ಯ.

ಅನುಮಾನಿ ಅವರ ಮಾತು ನೂರಕ್ಕೆ ನೂರು ಸರಿ, ಅವರ ಅತ್ತೆಯಂಥವರ ವಿಷಯದಲ್ಲಿ. ಇಷ್ಟು ನಾಡಿಗಿಂತ ಕಮ್ಮಿ ಆದರೆ ಪೇಸ್‌ಮೇಕರ್ ಅನ್ನುವ ಒಂದು ಸಂಖ್ಯೆ ಇಲ್ಲವೇ ಇಲ್ಲ. ಸೈನಸ್ ನೋಡ್ (ಬಡಿತದ ಸೂಚನೆ ಹೊರಡುವ ಆ ಪುಟ್ಟ ಜಾಗ) ನಿಧಾನ ಆಗಿದ್ದು, ಮನುಷ್ಯ ಆರಾಮಾಗಿದ್ದರೆ ಸಾಮಾನ್ಯವಾಗಿ ಏನೂ ಹಾಕುವುದಿಲ್ಲ. ನಿದ್ದೆಯಲ್ಲಿ ಎಲ್ಲರ ನಾಡಿಯೂ ಇಳಿಯುತ್ತದೆ. ಓಟಗಾರರದು ಹಗಲಲ್ಲೇ 50ರ ಕೆಳಗಿರಬಹುದು. ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಥರದ ನಾಡಿ ಇಳಿಸುವ ಔಷಧಿಗಳು, ಥೈರಾಯ್ಡ್ ಕಮ್ಮಿ ಇರುವುದು, ರಕ್ತದಲ್ಲಿ ಪೊಟ್ಯಾಶಿಯಂ ಏರಿರುವುದು, ಗೊರಕೆಯ ಜೊತೆ ಉಸಿರು ನಿಲ್ಲುವ ತೊಂದರೆ, ಇವನ್ನೆಲ್ಲ ಮೊದಲು ನೋಡಬೇಕು. ಹೃದಯದ ಕೆಳಭಾಗದ ಅಟ್ಯಾಕ್ ಆದಾಗ ಬರುವ ಬ್ಲಾಕ್ ಕೂಡ ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಅಷ್ಟು ದಿನ ತಾತ್ಕಾಲಿಕ ತಂತಿ ಸಾಕು.

ಆದರೆ ನದಿತೀರ ಅವರ ತಂದೆಯದು ಬೇರೆ ಕಥೆ. ಇಂಥ ಕಾರಣ ಯಾವುದೂ ಸಿಗದೆ ಕಂಪ್ಲೀಟ್ ಬ್ಲಾಕ್ ಇದ್ದರೆ ತೊಂದರೆ ಕಾಣದಿದ್ದರೂ ಹಾಕುತ್ತೇವೆ, ಇವರಂತೂ ಬಿದ್ದಿದ್ದಾರೆ. ಎರಡನೇ ಅಭಿಪ್ರಾಯ ಬೇಕೆಂದರೆ ಅಲ್ಲೇ ಇನ್ನೊಬ್ಬರಿಗೆ ಇಸಿಜಿ ತೋರಿಸಿ. ಇಂಥ ಹೊತ್ತಲ್ಲಿ ಡಿಸ್ಚಾರ್ಜ್ ಮಾಡಿಸಿಕೊಂಡು ಊರೂರು ಅಲೆಯಬೇಡಿ. ತಾತ್ಕಾಲಿಕ ತಂತಿಯೂ ಜಾಸ್ತಿ ದಿನ ಇರಬಾರದು. ಅದು ಜರುಗಬಹುದು, ಅದರ ದಾರಿಯಲ್ಲಿ ಸೋಂಕು ಒಳಗೆ ಹೋಗಬಹುದು.

ಒಗ್ಗಿಹೋಗುತ್ತದೆ ಅನ್ನುವ ಅಕ್ಕನ ಭಯಕ್ಕೆ: ಈಗಿನ ಸಾಧನ ಹೃದಯದ ಸ್ವಂತ ಬಡಿತವನ್ನು ಗಮನಿಸುತ್ತಲೇ ಇರುತ್ತದೆ. ಬಡಿತ ಸಮಯಕ್ಕೆ ಬಂದರೆ ಸುಮ್ಮನಿರುತ್ತದೆ, ಬಾರದಿದ್ದರೆ ಮಾತ್ರ ಕೊಡುತ್ತದೆ. ಆಮೇಲೆ ಕೆಲವರು ಪೂರ್ತಿ ಅದರ ಮೇಲೆ ನಿಲ್ಲುತ್ತಾರೆ, ನಿಜ. ಹೆಚ್ಚಾಗಿ ಅದಕ್ಕೆ ಕಾರಣ ಬ್ಲಾಕ್ ಮುಂದುವರಿಯುವುದು.

ಹೃದಯ ದುರ್ಬಲ ಆಗುವ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ. ಅದು ಎರಡು ಸಾಲಲ್ಲಿ ಮುಗಿಯುವುದಿಲ್ಲ.

ನದಿತೀರ

ತುಂಬಾ ಧನ್ಯವಾದ ಮೇಡಂ. ಅಪ್ಪ ತಗೊಳ್ಳುವ ಮಾತ್ರೆಗಳ ಪಟ್ಟಿ ತೋರಿಸಿದೆವು, ನಾಡಿ ಇಳಿಸುವಂಥದ್ದು ಯಾವುದೂ ಇಲ್ಲ ಅಂದರು. ರಕ್ತಪರೀಕ್ಷೆಯೂ ಸರಿ ಇದೆ. ಎಕೋದಲ್ಲಿ ಪಂಪಿಂಗ್ 45 ಅಂತ ಬರೆದಿದೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಲಯ

ಆ 45 ಬಹಳ ಮುಖ್ಯ. ಎಡಗಡೆಯ ಕೆಳಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಪ್ರತಿ ಬಡಿತಕ್ಕೆ ಹೊರತಳ್ಳುತ್ತದೆ ಅನ್ನುವ ಲೆಕ್ಕ ಅದು. ಹಾಕುವ ಮುಂಚೆಯೇ ತಿಳಿದದ್ದು ಒಳ್ಳೆಯದಾಯ್ತು.

ನೀವು ಓದಿದ್ದು ನಿಜ. ದಶಕಗಳಿಂದ ಲೀಡಿನ ತುದಿಯನ್ನು ಬಲಗಡೆಯ ಕೆಳಕೋಣೆಯ ತಳದಲ್ಲಿ ಸಿಕ್ಕಿಸುವುದು ರೂಢಿ. ಸುಲಭ, ಗಟ್ಟಿಯಾಗಿ ಕೂರುತ್ತದೆ. ಆದರೆ ಸೂಚನೆ ಅಲ್ಲಿಂದ ಹೊರಟಾಗ ಹೃದಯದ ಸ್ವಂತ ವೇಗದ ದಾರಿಯಲ್ಲಿ ಹೋಗುವುದಿಲ್ಲ. ಸ್ನಾಯುವಿನ ಮೂಲಕ ನಿಧಾನವಾಗಿ ಹರಡುತ್ತದೆ. ಬಲಗಡೆ ಮೊದಲು ಹಿಂಡುತ್ತದೆ, ಎಡಗೋಡೆ ತಡವಾಗಿ ಹಿಂಡುತ್ತದೆ. ಎರಡು ಎತ್ತು ಒಟ್ಟಿಗೆ ಹೆಜ್ಜೆ ಹಾಕದಿದ್ದರೆ ಗಾಡಿ ಹೇಗೋ ಹಾಗೆ. ಕೆಲವು ದಿನಕ್ಕೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಕೆಲವರ ಹೃದಯ ಹಿಗ್ಗಿ ಪಂಪಿಂಗ್ ಇಳಿಯುತ್ತದೆ. ಬಡಿತದ ಬಹುಪಾಲು ಪೇಸ್‌ಮೇಕರಿನಿಂದಲೇ ಬರುವವರಲ್ಲಿ ಸುಮಾರು ಶೇಕಡಾ 10ರಿಂದ 20 ಜನರಿಗೆ ಹೀಗಾಗುತ್ತದೆ.

ಇದನ್ನು ವೈದ್ಯಲೋಕ ಕಲಿತದ್ದು ಸ್ವಲ್ಪ ಕಠಿಣವಾಗಿಯೇ. 2002ರಲ್ಲಿ ಡೇವಿಡ್ ಅನ್ನುವ ಅಧ್ಯಯನ ಬಂತು. ಅದರಲ್ಲಿದ್ದವರು ಪಂಪಿಂಗ್ ಕಮ್ಮಿ ಇದ್ದು ಐಸಿಡಿ (ಹೃದಯದ ಲಯ ಅಪಾಯಕ್ಕೆ ಹೋದಾಗ ಶಾಕ್ ಕೊಡುವ ಸಾಧನ) ಹಾಕಿಸಿಕೊಂಡವರು, ನಾಡಿ ನಿಧಾನ ಅಂತ ಹಾಕಿದ್ದಲ್ಲ. ಅಂಥವರಲ್ಲಿ ಒಂದು ಗುಂಪಿಗೆ ಮೇಲಿನ, ಕೆಳಗಿನ ಎರಡೂ ಕೋಣೆಗಳಿಂದ ನಿಮಿಷಕ್ಕೆ 70ರಂತೆ ಪೇಸಿಂಗ್ (ಸಾಧನವೇ ಬಡಿತದ ಸೂಚನೆ ಕೊಡುವುದು) ಇಟ್ಟರು. ಇನ್ನೊಂದು ಗುಂಪಿಗೆ 40ಕ್ಕೆ ಇಳಿದರೆ ಮಾತ್ರ ಕೊಡುವ ಹಾಗೆ ಇಟ್ಟರು. ಬೇಡದಿದ್ದರೂ ಪೇಸಿಂಗ್ ಪಡೆದ ಗುಂಪಿನಲ್ಲೇ ಸಾವು ಮತ್ತು ಹೃದಯ ವೈಫಲ್ಯಕ್ಕೆ ಅಡ್ಮಿಟ್ ಆಗುವುದು ಜಾಸ್ತಿ ಕಂಡಿತು. ಅಲ್ಲಿಂದ ಎಲ್ಲರೂ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಂಡರು: ಕೆಳಕೋಣೆಗೆ ಬೇಕಾದಷ್ಟೇ ಪೇಸಿಂಗ್ ಕೊಡಬೇಕು.

ನಿಮ್ಮ ತಂದೆಯವರಿಗೆ ಆ ಆಯ್ಕೆ ಇಲ್ಲ. ಕಂಪ್ಲೀಟ್ ಬ್ಲಾಕ್ ಇರುವುದರಿಂದ ಹೆಚ್ಚುಕಡಿಮೆ ಪ್ರತಿ ಬಡಿತಕ್ಕೂ ಪೇಸಿಂಗ್ ಬೇಕು. ಪಂಪಿಂಗೂ ಈಗಾಗಲೇ ಸ್ವಲ್ಪ ಇಳಿದಿದೆ. ಇಂಥವರ ಮೇಲೇ ಬ್ಲಾಕ್ ಎಚ್‌ಎಫ್ ಅನ್ನುವ ಅಧ್ಯಯನ ನಡೆಯಿತು, 2013ರಲ್ಲಿ ಪ್ರಕಟವಾಯಿತು. ಎವಿ ಬ್ಲಾಕ್ ಇದ್ದು ಪಂಪಿಂಗ್ 50 ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ಬಲಗಡೆ ಮಾತ್ರ ಪೇಸಿಂಗ್ ಕೊಡುವುದಕ್ಕಿಂತ ಎರಡೂ ಕಡೆ ಒಟ್ಟಿಗೆ ಕೊಟ್ಟಾಗ ಫಲಿತಾಂಶ ಚೆನ್ನಾಗಿತ್ತು. ಹೀಗೆ ಎರಡೂ ಕಡೆ ಪೇಸಿಂಗ್ ಕೊಡುವ ಸಾಧನವನ್ನೇ ಸಿಆರ್‌ಟಿ ಅನ್ನುವುದು.

ಈಗ ಇನ್ನೊಂದು ದಾರಿಯೂ ಇದೆ. ಲೀಡನ್ನು ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯೊಳಗೆ ತಿರುಪಿ, ಹೃದಯದ ಎಡಗಡೆಯ ಸ್ವಂತ ಕರೆಂಟಿನ ಕವಲನ್ನೇ ಮುಟ್ಟಿಸುವುದು. ಇದಕ್ಕೆ ಲೆಫ್ಟ್ ಬಂಡಲ್ ಪೇಸಿಂಗ್ ಅನ್ನುತ್ತಾರೆ. 2017ರಿಂದ ಈಚೆಗೆ ಬಂದದ್ದು. ಬಡಿತ ಸಹಜ ಬಡಿತಕ್ಕೆ ಬಹಳ ಹತ್ತಿರ ಇರುತ್ತದೆ. ನನಗೆ ಇದರ ಮೇಲೆ ಭರವಸೆ ಇದೆ. ಆದರೆ ಇದಕ್ಕೆ ಅಭ್ಯಾಸ ಬೇಕು, ಲೀಡ್ ಗೋಡೆಯನ್ನು ತೂರಿ ಆಚೆ ಹೋಗುವ ಅಪಾಯ ಉಂಟು, ಹಳೆಯ ವಿಧಾನಕ್ಕಿರುವಷ್ಟು ದೀರ್ಘಕಾಲದ ಅನುಭವ ಇದಕ್ಕಿನ್ನೂ ಇಲ್ಲ.

ನಾಳೆ ಡಾಕ್ಟರನ್ನು ನೇರವಾಗಿ ಕೇಳಿ: "ಪಂಪಿಂಗ್ 45 ಇದೆ, ಪೂರ್ತಿ ಪೇಸಿಂಗ್ ಬೇಕಾಗುತ್ತದೆ. ಎಲ್ಲಿಂದ ಪೇಸ್ ಮಾಡುತ್ತೀರಿ? ಸಿಆರ್‌ಟಿ ಅಥವಾ ಲೆಫ್ಟ್ ಬಂಡಲ್ ಇವರಿಗೆ ಹೊಂದುತ್ತದಾ?" ಕೇಳಿದ್ದಕ್ಕೆ ಯಾವ ಒಳ್ಳೆಯ ಡಾಕ್ಟರೂ ಕೋಪ ಮಾಡಿಕೊಳ್ಳುವುದಿಲ್ಲ.

ಅನುಮಾನಿ

ಹಾಗಾದರೆ ಎಲ್ಲರಿಗೂ ಸಿಆರ್‌ಟಿಯನ್ನೇ ಹಾಕಬಹುದಲ್ಲವಾ ಮೇಡಂ? ಯಾಕೆ ಹಾಕುವುದಿಲ್ಲ?

ಲಯ

ಎಲ್ಲರಿಗೂ ಒಳ್ಳೆಯದಾಗುವುದಿಲ್ಲ. ಎಡ ಬಲ ಹೆಜ್ಜೆ ತಪ್ಪಿದ ದುರ್ಬಲ ಹೃದಯಕ್ಕೆ ಸಿಆರ್‌ಟಿ ಜೀವ ಉಳಿಸಿದೆ. 2005ರ ಕೇರ್ ಎಚ್‌ಎಫ್ ಅಧ್ಯಯನದಲ್ಲಿ ಸಾವು ಸ್ಪಷ್ಟವಾಗಿ ಕಮ್ಮಿಯಾಯಿತು. ಆದರೆ ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಗಲ (ಸೂಚನೆ ಕೆಳಕೋಣೆಗಳಲ್ಲಿ ಹರಡಲು ಹಿಡಿಯುವ ಸಮಯ) 130 ಮಿಲಿಸೆಕೆಂಡಿಗಿಂತ ಕಮ್ಮಿ ಇದ್ದ ಹೃದಯ ವೈಫಲ್ಯದ ರೋಗಿಗಳಿಗೆ ಹಾಕಿ ನೋಡಿದ ಎಕೋ ಸಿಆರ್‌ಟಿ ಅಧ್ಯಯನದಲ್ಲಿ (2013) ಸಾವು ಹೆಚ್ಚಾಯಿತು. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಹಾನಿ ಮಾಡಿತು ನೋಡಿ. ಅದಲ್ಲದೆ ಲೀಡ್ ಒಂದು ಜಾಸ್ತಿ, ಆಪರೇಷನ್ ಸಮಯ ಜಾಸ್ತಿ, ಬ್ಯಾಟರಿ ಬೇಗ ಮುಗಿಯುತ್ತದೆ. ಎಡಗಡೆಯ ಲೀಡಿನ ಸೂಚನೆ ಕೆಲವೊಮ್ಮೆ ಪಕ್ಕದ ನರಕ್ಕೂ ತಾಗಿ ಬಿಕ್ಕಳಿಕೆ ಥರ ವಪೆ (ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಕುಣಿಯುತ್ತದೆ.

ಮಲ್ಲಿಗೆ_ಮೊಗ್ಗು

ಲೀಡೇ ಇಲ್ಲದ ಪೇಸ್‌ಮೇಕರ್ ಬಂದಿದೆ ಅಂತಾರಲ್ಲ, ಅದನ್ನೇ ಹಾಕಿಸಬಹುದಲ್ಲವಾ? ಜೇಬೂ ಬೇಡ, ತಂತಿಯೂ ಬೇಡ.

ಇಸಿಜಿ_ಕೋಣೆ

ಬಂದಿದೆ. ಅಮೆರಿಕದಲ್ಲಿ 2016ರಲ್ಲಿ ಮೈಕ್ರಾ ಅನ್ನುವ ಅಂಥ ಸಾಧನಕ್ಕೆ ಒಪ್ಪಿಗೆ ಸಿಕ್ಕಿತು. ಒಂದು ದೊಡ್ಡ ಕ್ಯಾಪ್ಸೂಲಿನಷ್ಟು, ತೂಕ ಸುಮಾರು 2 ಗ್ರಾಂ. ತೊಡೆಯ ರಕ್ತನಾಳದಿಂದ ಒಯ್ದು ಬಲಗಡೆಯ ಕೆಳಕೋಣೆಯೊಳಗೇ ಬಿಟ್ಟುಬರುತ್ತಾರೆ. ಸೋಂಕಿನ ಭಯ ಜಾಸ್ತಿ ಇರುವವರಿಗೆ, ಡಯಾಲಿಸಿಸ್ ಮಾಡಿಸುವವರಿಗೆ, ತೋಳಿನ ಕಡೆಯ ರಕ್ತನಾಳ ಮುಚ್ಚಿಹೋದವರಿಗೆ ಬಹಳ ಉಪಯೋಗ. ಆದರೆ ಪೇಸಿಂಗ್ ಮತ್ತೆ ಬಲಗಡೆಯ ಕೆಳಕೋಣೆಯಿಂದಲೇ. ಮೇಡಂ ಹೇಳಿದ ಆ ತೊಂದರೆಗೆ ಅದು ಉತ್ತರ ಅಲ್ಲ. ಹಾಕುವಾಗ ಹೃದಯದ ಗೋಡೆ ತೂತಾಗುವ ಅಪಾಯ ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ಗಂಭೀರ.

ಇನ್ನು ಮಾಮೂಲಿ ಪೇಸ್‌ಮೇಕರಿನ ಅಪಾಯ ಯಾವುದು ಅಂದರೆ, ನನ್ನ ಅನುಭವದಲ್ಲಿ ಡಬ್ಬಿಗಿಂತ ಲೀಡ್ ಮತ್ತು ಜೇಬಿನ ತಕರಾರೇ ಜಾಸ್ತಿ. ಮೊದಲ ದಿನಗಳಲ್ಲಿ ಲೀಡ್ ಜರುಗಬಹುದು. ಸೂಜಿ ತಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು. ಜೇಬಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ವರ್ಷಗಳ ಮೇಲೆ ಲೀಡ್ ಒಳಗೇ ಮುರಿಯಬಹುದು, ಅದು ಹಾದುಹೋಗುವ ಕವಾಟ ಸೋರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಸೋಂಕು. ಮೊದಲ ಸಲ ಹಾಕಿದಾಗ 100ರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಬ್ಯಾಟರಿ ಬದಲಾಯಿಸುವಾಗ ಅದಕ್ಕಿಂತ ಜಾಸ್ತಿ. ಸಾಧನಕ್ಕೇ ಸೋಂಕು ತಗುಲಿದರೆ ಬರೀ ಮಾತ್ರೆಯಿಂದ ಹೋಗುವುದಿಲ್ಲ, ಡಬ್ಬಿ ಲೀಡ್ ಎಲ್ಲ ತೆಗೆಯಬೇಕು. ವರ್ಷಗಟ್ಟಲೆ ಒಳಗೆ ಅಂಟಿಕೊಂಡ ಲೀಡ್ ತೆಗೆಯುವುದು ಹಾಕಿದಷ್ಟು ಸುಲಭ ಅಲ್ಲ.

ಕೆಲವರು ಗೊತ್ತಿಲ್ಲದೆ ಡಬ್ಬಿಯನ್ನು ಚರ್ಮದ ಮೇಲಿಂದ ತಿರುಗಿಸುತ್ತಾ ಇರುತ್ತಾರೆ. ಲೀಡ್ ಹಗ್ಗದ ಹಾಗೆ ಸುತ್ತಿಕೊಂಡು ಕಿತ್ತುಬರುತ್ತದೆ. ಎಕ್ಸ್-ರೇಯಲ್ಲಿ ನೋಡಿದರೆ ಎದೆ ಝಲ್ ಅನ್ನುತ್ತದೆ. ತಂದೆಯವರಿಗೆ ಕೈ ಹಾಕಬೇಡಿ ಅಂತ ಖಂಡಿತ ಹೇಳಿ.

ಹಳೇ_ಪೇಶೆಂಟ್

ಇಷ್ಟೆಲ್ಲ ಅಪಾಯ ಓದಿ ನದಿತೀರ ಅವರು ಕುಗ್ಗಬಾರದು ಅಂತ ಒಂದು ವಿಷಯ ಹೇಳುತ್ತೇನೆ. ದೇಹದೊಳಗೆ ಕೂರಿಸುವ ಪೇಸ್‌ಮೇಕರ್ ಮೊದಲು ಹಾಕಿದ್ದು ಸ್ವೀಡನ್ನಿನಲ್ಲಿ, 1958ರ ಅಕ್ಟೋಬರಿನಲ್ಲಿ. ರೋಗಿ ಆರ್ನೆ ಲಾರ್ಸನ್, 43 ವರ್ಷ. ದಿನಕ್ಕೆ ಹತ್ತಾರು ಸಲ ಪ್ರಜ್ಞೆ ತಪ್ಪುತ್ತಿದ್ದರು. ಅವರ ಹೆಂಡತಿ ಪಟ್ಟು ಹಿಡಿದು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್, ಸರ್ಜನ್ ಓಕೆ ಸೆನಿಂಗ್ ಇಬ್ಬರನ್ನೂ ಒಪ್ಪಿಸಿದರು. ಹಾಕಿದ ಮೊದಲ ಸಾಧನ ಕೆಲವೇ ಗಂಟೆ ನಡೆಯಿತು. ಆದರೂ ಬಿಡಲಿಲ್ಲ. ಆಮೇಲೆ ಒಂದರ ಹಿಂದೆ ಒಂದು, 20ಕ್ಕೂ ಜಾಸ್ತಿ ಸಾಧನ ಬದಲಾಯಿಸಿಕೊಂಡು ಅವರು 2001ರವರೆಗೆ ಬದುಕಿದರು. 86 ವರ್ಷ. ಹೋಗಿದ್ದು ಕ್ಯಾನ್ಸರಿನಿಂದ, ಹೃದಯದಿಂದ ಅಲ್ಲ. ಈಗಿನ ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಆ ಮನುಷ್ಯ ಪಟ್ಟ ಕಷ್ಟದ ಫಲ ನಾವು ಉಣ್ಣುತ್ತಿದ್ದೇವೆ ಅಂತ ನಾನು ಯಾವಾಗಲೂ ನೆನೆಯುತ್ತೇನೆ.

ಮಲ್ಲಿಗೆ_ಮೊಗ್ಗು

ಬ್ಯಾಟರಿ ಇದ್ದಕ್ಕಿದ್ದ ಹಾಗೆ ಸತ್ತರೆ? ನಮ್ಮಮ್ಮನಿಗೂ ಹಾಕಿದೆ. ರಾತ್ರಿ ಇದೇ ಯೋಚನೆ ಬರುತ್ತದೆ. ಮೊಬೈಲ್, ಒಲೆ ಎಲ್ಲದಕ್ಕೂ ಹೆದರಿಕೆ.

ಇಸಿಜಿ_ಕೋಣೆ

ಹಾಗೆ ದಿಢೀರ್ ಅಂತ ಸಾಯುವುದು ಬಹಳ ಅಪರೂಪ. ಅಮ್ಮನನ್ನು ತಪಾಸಣೆಗೆ ಕರೆದುಕೊಂಡು ಬಂದಾಗ ಪಕ್ಕದಲ್ಲೇ ಕೂತು ನೋಡಿ. ನಾವು ಎದೆಯ ಮೇಲೆ ಕಂಪ್ಯೂಟರ್ ಮೌಸ್ ಆಕಾರದ ಒಂದು ಉಪಕರಣ ಇಡುತ್ತೇವೆ, ಸಾಧನದ ಮಾಹಿತಿ ಎಲ್ಲ ಪರದೆಗೆ ಬರುತ್ತದೆ. ಬ್ಯಾಟರಿ ಇನ್ನು ಎಷ್ಟು ವರ್ಷ, ಲೀಡಿನ ತಡೆ ಎಷ್ಟು ಓಮ್, ಮೇಲಿನ ಕೋಣೆಗೆ ಶೇಕಡಾ ಎಷ್ಟು ಕೊಟ್ಟಿದೆ, ಕೆಳಗಿನದಕ್ಕೆ ಎಷ್ಟು. ಆಮೇಲೆ ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಎಷ್ಟರವರೆಗೆ ಹೃದಯ ಕೇಳುತ್ತದೆ ಅಂತ ಪರೀಕ್ಷೆ ಮಾಡುತ್ತೇವೆ. ಆಗ ಕೆಲವರಿಗೆ ಎದೆಯಲ್ಲಿ ಢವ್ ಅಂದ ಹಾಗೆ, ಒಂದು ಕ್ಷಣ ತಲೆ ಹಗುರಾದ ಹಾಗೆ ಆಗುತ್ತದೆ. ಅದು ಪರೀಕ್ಷೆಯ ಭಾಗ. ಬದಲಾಯಿಸುವ ಸಮಯ ಹತ್ತಿರ ಬಂದಾಗ ಸಾಧನವೇ ಮುಂಚಿತವಾಗಿ ಗುರುತು ತೋರಿಸುತ್ತದೆ. ಸಾಮಾನ್ಯವಾಗಿ ಇನ್ನೂ ಕೆಲವು ತಿಂಗಳು ಕಾಲಾವಕಾಶ ಇರುತ್ತದೆ. ತಪಾಸಣೆ ತಪ್ಪಿಸುವವರಿಗೆ ಮಾತ್ರ ಆ ಗುರುತು ಗೊತ್ತಾಗುವುದಿಲ್ಲ. ಪ್ರತಿ ಸಲ ಆ ರಿಪೋರ್ಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಕೆಳಕೋಣೆಯ ಶೇಕಡಾ ಜಾಸ್ತಿ ಇದ್ದರೆ ಆಗಾಗ ಎಕೋ ಮಾಡಿಸಿ.

ಮೊಬೈಲಿನಲ್ಲಿ ಮಾತಾಡಲು ಅಡ್ಡಿಯಿಲ್ಲ, ಸಾಧನದಿಂದ 15 ಸೆಂಟಿಮೀಟರ್ ದೂರ ಇರಲಿ, ಎದೆಜೇಬಿನಲ್ಲಿ ಬೇಡ. ಮ್ಯಾಗ್ನೆಟ್ ಇರುವ ಫೋನ್, ಇಯರ್‌ಫೋನ್ ಡಬ್ಬಿಗಳಿಗೂ ಇದೇ ಮಾತು. ಮೈಕ್ರೋವೇವ್‌ಗೆ ಭಯ ಬೇಡ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ ಎದೆ ಇರಲಿ. ವೆಲ್ಡಿಂಗ್ ಕೆಲಸ ಇದ್ದರೆ ಡಾಕ್ಟರನ್ನು ಕೇಳದೆ ಮಾಡಬಾರದು. ಬೇರೆ ಯಾವ ಆಪರೇಷನ್‌ಗೆ ಹೋದರೂ, ಹಲ್ಲಿಗೇ ಇರಲಿ, ಪೇಸ್‌ಮೇಕರ್ ಕಾರ್ಡ್ ಮೊದಲು ತೋರಿಸಿ. ಎಂಆರ್‌ಐ ಈಗಿನ ಬಹಳಷ್ಟು ಸಾಧನಗಳಿಗೆ ಮಾಡಬಹುದು. ಆದರೆ ಡಬ್ಬಿ ಮತ್ತು ಲೀಡ್ ಎರಡೂ ಅದಕ್ಕೆ ಹೊಂದುವಂಥವಾ ಅಂತ ನೋಡಿ, ಮುಂಚೆ ಸೆಟ್ಟಿಂಗ್ ಬದಲಾಯಿಸಬೇಕು.

ಹಾದಿಹೋಕ

ಕೇಳಬಾರದ ಪ್ರಶ್ನೆ ಇರಬಹುದು, ಕ್ಷಮಿಸಿ. ಅಜ್ಜನಿಗೆ ಪೇಸ್‌ಮೇಕರ್ ಇದೆ. ಈಗ ಕ್ಯಾನ್ಸರ್ ಕೊನೆಯ ಹಂತ. ಪೇಸ್‌ಮೇಕರ್ ಇರುವುದರಿಂದ ಜೀವ ಹೋಗದೆ ನರಳುತ್ತಾರಾ?

ಲಯ

ಇದು ಕೇಳಬೇಕಾದ ಪ್ರಶ್ನೆಯೇ. ಇಲ್ಲ, ನರಳಾಟವನ್ನು ಅದು ಎಳೆಯುವುದಿಲ್ಲ. ದೇಹ ಸೋತಾಗ ಹೃದಯದ ಸ್ನಾಯು ಆ ಸೂಚನೆಗೆ ಸ್ಪಂದಿಸುವುದನ್ನು ನಿಲ್ಲಿಸುತ್ತದೆ. ಸಾಧನ ಸೂಚನೆ ಕೊಟ್ಟರೂ ಬಡಿತ ಆಗುವುದಿಲ್ಲ. ಆದರೆ ಅಜ್ಜನದು ಶಾಕ್ ಕೊಡುವ ಐಸಿಡಿ ಆಗಿದ್ದರೆ ಡಾಕ್ಟರ ಜೊತೆ ಈಗಲೇ ಮಾತಾಡಿ. ಕೊನೆಯ ಹೊತ್ತಿನಲ್ಲಿ ಶಾಕ್ ನೋವು ಕೊಡುತ್ತದೆ, ಅದನ್ನು ಆಫ್ ಮಾಡಿಸಬಹುದು. ದಹನ ಮಾಡುವುದಾದರೆ ಮೊದಲು ಸಾಧನ ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ನಿಮ್ಮ ಮನೆಯವರಿಗೆಲ್ಲ ದೇವರು ಶಕ್ತಿ ಕೊಡಲಿ.

ನದಿತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ಮೇಡಂ ಬರೆದ ಪ್ರಶ್ನೆಯನ್ನು ಹಾಗೇ ಓದಿ ಕೇಳಿದೆ. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು ಚಿತ್ರ ಬರೆದು ವಿವರಿಸಿದರು. ಎರಡು ಲೀಡಿನ ಸಾಧನ, ಕೆಳಗಿನ ಲೀಡ್ ಲೆಫ್ಟ್ ಬಂಡಲ್ ಜಾಗಕ್ಕೆ ಹಾಕಿದ್ದಾರೆ. ಅಪ್ಪ ವಾರ್ಡಿನಲ್ಲಿ ಓಡಾಡುತ್ತಿದ್ದಾರೆ. ನಾಳೆ ಮನೆಗೆ.

ಗಾಯದ ಜಾಗ ಸ್ವಲ್ಪ ಉಬ್ಬಿದೆ, ಸುತ್ತ ನೀಲಿಗಟ್ಟಿದೆ. ಅವರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಾರೆ. ಎಡಗೈಯನ್ನಂತೂ ಅಲ್ಲಾಡಿಸಲೇ ಹೆದರುತ್ತಾರೆ. ಏನು ನೋಡಿಕೊಳ್ಳಬೇಕು?

ಲಯ

ತುಂಬಾ ಸಂತೋಷ. ನೀಲಿ ಬಣ್ಣ, ಸಣ್ಣ ಊತ ಸಾಮಾನ್ಯ, ನಿಧಾನ ಇಳಿಯುತ್ತದೆ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡಿ. ಗೆರೆ ದಾಟಿ ಬೆಳೆದರೆ, ಬಿಗಿದು ಹೊಳೆಯತೊಡಗಿದರೆ ಅವತ್ತೇ ಹಾಕಿದ ಡಾಕ್ಟರಿಗೆ ತೋರಿಸಿ. ಕೆಂಪು, ಬಿಸಿ, ಕೀವು, ಜ್ವರ ಯಾವುದು ಕಂಡರೂ ಹಾಗೆಯೇ. ಮನೆಯಲ್ಲಿರುವ ಆ್ಯಂಟಿಬಯೋಟಿಕ್ ನುಂಗಿಸಬೇಡಿ. ಬೇರೆ ಯಾರಾದರೂ ಸೂಜಿ ಚುಚ್ಚಿ ರಕ್ತ ಎಳೆಯುತ್ತೇನೆ ಅಂದರೆ ಬಿಡಬೇಡಿ, ಸೋಂಕನ್ನು ನಾವೇ ಒಳಗೆ ಕಳಿಸಿದ ಹಾಗೆ ಆಗುತ್ತದೆ. ರಕ್ತ ತೆಳುವಿನ ಮಾತ್ರೆ ನಿಲ್ಲಿಸುವುದು ಬಿಡುವುದು ಅವರ ಡಾಕ್ಟರೇ ಹೇಳಲಿ.

ನಾಲ್ಕರಿಂದ ಆರು ವಾರ ಆ ಕೈಯನ್ನು ಭುಜದ ಮೇಲೆ ಎತ್ತಬಾರದು, ಭಾರ ಎಳೆಯಬಾರದು. ಆದರೆ ಕಟ್ಟಿಹಾಕಿದ ಹಾಗೆ ಇಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ಊಟ ಮಾಡಲಿ, ಬಟ್ಟೆ ಹಾಕಿಕೊಳ್ಳಲಿ, ಭುಜದ ಮಟ್ಟದ ಕೆಳಗೆ ಧಾರಾಳವಾಗಿ ಆಡಿಸಲಿ. ಮತ್ತೆ ತಲೆ ತಿರುಗಿದರೆ ಅಥವಾ ನಾಡಿ ಮೊದಲಿನ ಹಾಗೆ 30-40ಕ್ಕೆ ಇಳಿದರೆ ಲೀಡ್ ಜರುಗಿರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.